ಸೌರಕೋಶಗಳಲ್ಲಿ ಪದರಗಳ ಸಂಧಿಸ್ಥಾನದ ಸುಧಾರಣೆ

ಕೆರೆಯ ತೂಬಿನಿಂದ ಬಿಟ್ಟ ನೀರೆಲ್ಲವೂ ಗದ್ದೆಯನ್ನು ಮುಟ್ಟುವುದಿಲ್ಲವೆಂಬುದನ್ನು ಜಮೀನುದಾರರು ಬಲ್ಲರು. ಕಾಲುವೆಯು ಗದ್ದೆಯನ್ನು ಸೇರುವೆಡೆಯಲ್ಲಿಯೂ, ಬದುವಿನ ಏಡಿಬಿಲಗಳಲ್ಲಿಯೂ ಎಷ್ಟೋ ನೀರು ಸೋರಿಹೋಗುವುದು. ಸೂರ್ಯಪ್ರಕಾಶದಿಂದ ವಿದ್ಯುತ್ತನ್ನು ಪಡೆಯುವ ಪೆರೋವ್‌ಸ್ಕೈಟ್ ಎಂಬ ನೂತನ ಕೋಶಗಳಲ್ಲಿ ವಿಜ್ಞಾನಿಗಳಿಗೆ ಒದಗಿರುವ ತೊಡಕೂ ಇಂಥದೇ.

1839 ನೆಯ ಇಸವಿಯಲ್ಲಿ ರಷ್ಯಾದ ಉರಲ್ ಪರ್ವತಗಳ ಒಂದು ಖನಿಜಕ್ಕೆ ಈ ಹೆಸರಾಯಿತು. ಅದೇ ಬಗೆಯ ಸ್ಫಟಿಕರಚನೆಯುಳ್ಳ, ಸೀಸ, ಅಯೋಡಿನ್ ಮುಂತಾದುವುಗಳಿಂದ ಕೃತಕವಾಗಿ ಮಾಡಿದ ಪದಾರ್ಥಗಳು ಬೆಳಕನ್ನು ಚೆನ್ನಾಗಿ ಹೀರುವುವು. 2009 ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಎಂಬವರ ತಂಡವು ಇವುಗಳಿಂದ ಮಾಡಿದ ಕೋಶವು ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ 3.8 ಪಾಲನ್ನು ಮಾತ್ರ ವಿದ್ಯುತ್ತಾಗಿಸಿತು. ಈಗ ಈ ಪ್ರಮಾಣವು ನೂರಕ್ಕೆ 26 ನ್ನು ಮೀರಿರುವುದು. ಆದರೆ ಪ್ರಯೋಗಶಾಲೆಯ ಇಂಥ ಕೋಶವು ಉಗುರಿನಷ್ಟಗಲದ್ದು. ಹೊಲದಲ್ಲಿ ನಿಲ್ಲಿಸುವ ಹಲಗೆಯಲ್ಲವೆಂಬುದನ್ನು ಮರೆಯಲಾಗದು.

ಈ ಏಳ್ಗೆಗೆ ಕಾರಣವೇನು? ಬೆಳಕು ಬಿದ್ದೊಡನೆ ಪೆರೋವ್‌ಸ್ಕೈಟಿನಲ್ಲಿ ಋಣ ಮತ್ತು ಧನ ವಿದ್ಯುದಂಶಗಳು ಬಿಡುಗಡೆ ಹೊಂದುವುವು. ಒಂದು ಮಗ್ಗುಲಿನ ಪದರವು ಋಣಾಂಶವನ್ನೂ, ಇನ್ನೊಂದು ಮಗ್ಗುಲಿನದು ಧನಾಂಶವನ್ನೂ ಸೆಳೆದೊಯ್ಯಬೇಕು. ದ್ರಾವಣದಿಂದ ಬೇಗಬೇಗನೆ ಹರಳುಗಟ್ಟಿದ ಪದರದ ಮೈಮೇಲೆ ಅಲ್ಲಲ್ಲಿ ಅಯೋಡಿನ್ ಪರಮಾಣುಗಳು ತಪ್ಪಿ ಕುಳಿಗಳಾಗಿರುವುವು. ಪದರಗಳು ಕೂಡುವ ಆ ಎಡೆಯಲ್ಲಿ ವಿದ್ಯುದಂಶಗಳು ಸಿಕ್ಕಿ, ಪರಸ್ಪರ ಕೂಡಿ, ಶಕ್ತಿಯು ಬರಿಯ ಶಾಖವಾಗಿ ವ್ಯರ್ಥವಾಗುವುದು. ಇವೇ ಇಲ್ಲಿಯ ಏಡಿಬಿಲಗಳು.

2019 ರಲ್ಲಿ ಚೀಣಾದ ವಿಜ್ಞಾನಿಗಳು ಫೆನೆಥೈಲ್ ಅಮೋನಿಯಂ ಅಯೋಡೈಡ್ ಎಂಬ ಲವಣವನ್ನು ಆ ಮೈಗೆ ತೆಳುವಾಗಿ ಸವರಿ, ಕುಳಿಗಳನ್ನು ಮುಚ್ಚಿ, ನೂರಕ್ಕೆ 23.3 ರಷ್ಟು ಫಲವನ್ನು ಪಡೆದರು. ಲಿಥುವೇನಿಯದ ಕೌನಾಸ್ ಮತ್ತು ಜರ್ಮನಿಯ ಬರ್ಲಿನ್ ನಗರಗಳ ವಿಜ್ಞಾನಿಗಳು ಒಂದೇ ಅಣುವಿನಷ್ಟು ದಪ್ಪದ, ತಾನಾಗಿಯೇ ಸಾಲುಗಟ್ಟಿ ನಿಲ್ಲುವ ಪದರವನ್ನು ರಚಿಸಿದರು. ಅದರ ನೆರವಿನಿಂದ 2020 ರಲ್ಲಿ ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟನ್ನು ಕೂಡಿಸಿದ ಜೋಡಿಕೋಶವು ನೂರಕ್ಕೆ 29.15 ನ್ನು ಮುಟ್ಟಿತು.

ಇಷ್ಟಾದರೂ ಬಾಳಿಕೆಯ ಪ್ರಶ್ನೆಯು ತೀರಿಲ್ಲ. ಸಿಲಿಕಾನ್ ಹಲಗೆಗಳು 25 ವರ್ಷ ಬಿಸಿಲುಮಳೆಗಳನ್ನು ತಡೆದಿರುವುವು. ಪೆರೋವ್‌ಸ್ಕೈಟಿಗೆ ತೇವವೂ ಶಾಖವೂ ಶತ್ರುಗಳು. ಸಂಧಿಯನ್ನು ಭದ್ರಪಡಿಸಿದಷ್ಟೂ ಕೆಡುವುದು ನಿಧಾನವಾಗುವುದೆಂಬುದು ನಿಜ, ಆದರೆ ಹಲವು ಮಳೆಗಾಲಗಳ ಪರೀಕ್ಷೆಯಿನ್ನೂ ಉಳಿದಿದೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸೌರ ಉದ್ಯಾನಕ್ಕಾಗಿ ರೈತರು ಸಾವಿರಾರು ಎಕರೆಗಳನ್ನು ದೀರ್ಘಕಾಲದ ಗುತ್ತಿಗೆಗೆ ಕೊಟ್ಟಿರುವರು. ಮುಂದೆ ಹೀಗೆ ಭೂಮಿ ಕೊಡುವವರು ಹಲಗೆಯು ಯಾವ ಬಗೆಯದೆಂದು ಕೇಳತಕ್ಕದ್ದು. ಪೆರೋವ್‌ಸ್ಕೈಟಿನ ಸೀಸವು ನೀರಿನಲ್ಲಿ ಕರಗಬಲ್ಲುದಾದ್ದರಿಂದ, ಒಡೆದ ಹಲಗೆಗಳನ್ನು ಯಾರು, ಎಷ್ಟು ದಿನಗಳೊಳಗೆ, ಯಾರ ಖರ್ಚಿನಿಂದ ಸಾಗಿಸಬೇಕೆಂಬುದನ್ನು ಗುತ್ತಿಗೆಯ ಕರಾರುಪತ್ರದಲ್ಲಿಯೇ ಬರೆಯಿಸಿಕೊಳ್ಳುವುದು ಯುಕ್ತ.