ಮನೆಯ ಗಾಳಿ ಶುದ್ಧೀಕರಣ ಯಂತ್ರ: ಫಿಲ್ಟರ್ ಬದಲಿಸುವ ಕಾಲವನ್ನು ಅರಿಯುವ ಬಗೆ

ಅನ್ನವಿಲ್ಲದೆ ಮನುಷ್ಯನು ಹಲವು ದಿನ ಬದುಕಬಲ್ಲನು, ನೀರಿಲ್ಲದೆ ಕೆಲವು ದಿನ. ಗಾಳಿಯಿಲ್ಲದೆ ಕೆಲವೇ ನಿಮಿಷ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಬಿಕ್ಕಳಿಕೆ ಮತ್ತು ಶ್ವಾಸರೋಗಗಳಿಗೆ ಮೀಸಲಾದುದು. ಶ್ವಾಸರೋಗದ ಕಾರಣಗಳನ್ನು ಎಣಿಸುವಾಗ ಆಚಾರ್ಯರು ಅಲ್ಲಿ ಧೂಳು ಮತ್ತು ಹೊಗೆಯನ್ನು ಸ್ಪಷ್ಟವಾಗಿ ಹೆಸರಿಸಿದ್ದಾರೆ. ಕಾರಣವನ್ನು ದೂರಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂಬುದು ಆಯುರ್ವೇದದ ನಿಲುವು.

ಕೋಗಳಿ ಸೀಮೆಯ ನಮಗೆ ಈ ಎರಡೂ ಕಾರಣಗಳು ಹೊಸವಲ್ಲ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳಲ್ಲಿ ಮೆಕ್ಕೆಜೋಳದ ಒಕ್ಕಣೆ ನಡೆಯುವಾಗ ಹೊಟ್ಟು, ಧೂಳು ಊರೊಳಗೂ ಹರಡುತ್ತವೆ. ಕೂಡ್ಲಿಗಿಗೆ ನೆರೆಯ ಸಂಡೂರಿನ ಗಣಿಸೀಮೆಯಿದೆ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಎಲೆಗಳ ಮೇಲೆ ಕೂತ ಕೆಂಪು ಧೂಳನ್ನು ಕಾಣದವರಿಲ್ಲ. ಬೇಸಿಗೆಯಲ್ಲಿ ಬರಿಗೊಂಡ ಹೊಲಗಳ ಮೇಲಿನಿಂದ ಬೀಸುವ ಗಾಳಿ ಬೇರೆ. ಇತ್ತೀಚೆಗೆ ಬೆಂಗಳೂರು, ದೆಹಲಿಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು, ಉಬ್ಬಸವಿರುವ ತಂದೆತಾಯಿಯರಿಗಾಗಿ ಏರ್ ಪ್ಯೂರಿಫೈಯರ್ ಎಂಬ ಗಾಳಿ ಶುದ್ಧೀಕರಣ ಯಂತ್ರವನ್ನು ಕಳುಹಿಸಿಕೊಡುತ್ತಿದ್ದಾರೆ. ಯಂತ್ರ ಮನೆಗೆ ಬರುತ್ತದೆ, ಹಸಿರು ದೀಪ ಉರಿಯುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಒಳಗಿನ ಫಿಲ್ಟರ್ ಧೂಳಿನಿಂದ ಮುಚ್ಚಿಹೋಗಿದ್ದರೆ, ಆ ದೀಪದ ಭರವಸೆಯಲ್ಲಿ ರೋಗಿಯು ಅಶುದ್ಧ ಗಾಳಿಯನ್ನೇ ಸೇವಿಸುತ್ತಿರುತ್ತಾನೆ. ಯಂತ್ರವೇ ಇಲ್ಲದವರು ಧೂಳಿನ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಎಚ್ಚರದಿಂದಿರುತ್ತಾರೆ. ಯಂತ್ರವನ್ನು ನಂಬಿದವರು ಆ ಎಚ್ಚರವನ್ನೂ ಕಳೆದುಕೊಂಡಿರುತ್ತಾರೆ.

ಯಂತ್ರದೊಳಗಿನ ಮೂರು ಪದರಗಳು

ಸಾಮಾನ್ಯವಾಗಿ ಈ ಯಂತ್ರದಲ್ಲಿ ಮೂರು ಪದರಗಳಿರುತ್ತವೆ. ಮೊದಲನೆಯದು ಹೊರಜಾಲರಿ. ಕೂದಲು, ಹತ್ತಿಯ ಎಳೆ, ಹೊಟ್ಟು, ದಪ್ಪ ಧೂಳನ್ನು ಇದು ತಡೆಯುತ್ತದೆ. ಎರಡನೆಯದು ಮಡಿಕೆ ಮಡಿಕೆಯಾಗಿರುವ ಹೆಪಾ ಫಿಲ್ಟರ್. ಉತ್ತಮ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬಲ್ಲದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ತಿಳಿಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು 2.5 ಮೈಕ್ರಾನಿಗಿಂತ ಚಿಕ್ಕವು. ಅವು ಕಣ್ಣಿಗೆ ಕಾಣುವುದಿಲ್ಲ. ಮೂರನೆಯದು ಸಕ್ರಿಯ ಇದ್ದಿಲಿನ ಪದರ. ಇದು ವಾಸನೆ ಮತ್ತು ಕೆಲವು ಅನಿಲಗಳನ್ನು ಹೀರಿಕೊಳ್ಳುತ್ತದೆ.

ಮೂರೂ ಸವೆಯುವ ರೀತಿ ಬೇರೆ ಬೇರೆ. ಹೊರಜಾಲರಿ ತುಂಬಿದರೆ ಕಣ್ಣಿಗೆ ಕಾಣುತ್ತದೆ, ತೊಳೆದರೆ ಸರಿಯಾಗುತ್ತದೆ. ಇದ್ದಿಲು ತನ್ನ ಹೀರುವ ಶಕ್ತಿಯನ್ನು ಮುಗಿಸಿಕೊಂಡಾಗ ಹೊರನೋಟಕ್ಕೆ ಏನೂ ಗೊತ್ತಾಗದು. ಹೆಪಾ ಫಿಲ್ಟರಿನ ಎಳೆಗಳ ನಡುವೆ ಧೂಳು ತುಂಬಿದಂತೆಲ್ಲ ಗಾಳಿ ಹಾದುಹೋಗುವುದು ಕಷ್ಟವಾಗುತ್ತದೆ. ಹೊರಬರುವ ಗಾಳಿ ಶುದ್ಧವಾಗಿಯೇ ಇರಬಹುದು, ಆದರೆ ಅದರ ಪ್ರಮಾಣ ತಗ್ಗಿ ಕೋಣೆಯ ಉಳಿದ ಗಾಳಿ ಹಾಗೆಯೇ ಉಳಿಯುತ್ತದೆ. ಕೆಲವು ಫಿಲ್ಟರುಗಳು ಎಳೆಗಳಲ್ಲಿನ ಸ್ಥಾಯೀ ವಿದ್ಯುತ್ತಿನ ಬಲದಿಂದ ಕಣಗಳನ್ನು ಸೆಳೆಯುತ್ತವೆ. ಹೊಗೆಯ ಸೂಕ್ಷ್ಮ ಕಣಗಳು ಮೆತ್ತಿಕೊಂಡಾಗ ಆ ಬಲವೇ ಕುಂದುತ್ತದೆ.

ದೀಪವೊಂದನ್ನೇ ನಂಬಲಾಗದು

ಫಿಲ್ಟರ್ ಬದಲಿಸಲು ಸೂಚಿಸುವ ದೀಪವು ಬಹಳಷ್ಟು ಯಂತ್ರಗಳಲ್ಲಿ ಓಡಿದ ಗಂಟೆಗಳನ್ನು ಮಾತ್ರ ಎಣಿಸುತ್ತದೆ. ಆ ಗಂಟೆಗಳಲ್ಲಿ ಎಷ್ಟು ಧೂಳು ಒಳಗೆ ಹೋಯಿತೆಂಬುದು ಅದಕ್ಕೆ ತಿಳಿಯದು. ಮುಚ್ಚಿದ ಕೋಣೆಯಲ್ಲಿ ಓಡಿದ ನೂರು ಗಂಟೆಯೂ, ಒಕ್ಕಣೆಯ ದಿನಗಳಲ್ಲಿ ಬೀದಿಬದಿಯ ಮನೆಯಲ್ಲಿ ಓಡಿದ ನೂರು ಗಂಟೆಯೂ ಅದರ ಲೆಕ್ಕದಲ್ಲಿ ಒಂದೇ.

‘ಒಂದು ವರ್ಷ ಬಾಳಿಕೆ’ ಎಂಬ ಬರಹವನ್ನೂ ವಿಚಾರಿಸಿ ತಿಳಿಯಬೇಕು. ಅದು ದಿನಕ್ಕೆ 8 ಗಂಟೆಯ ಬಳಕೆಯ ಲೆಕ್ಕವಾಗಿದ್ದರೆ ಒಟ್ಟು 2,920 ಗಂಟೆಗಳಾದವು. ರೋಗಿಯ ಕೋಣೆಯಲ್ಲಿ ಹಗಲಿರುಳೂ ಓಡಿಸಿದರೆ ಅಷ್ಟೇ ಗಂಟೆಗಳು ನಾಲ್ಕು ತಿಂಗಳಲ್ಲಿ ಮುಗಿಯುತ್ತವೆ. ಹೆಪಾ ಫಿಲ್ಟರ್ ಸಾಮಾನ್ಯವಾಗಿ 6ರಿಂದ 12 ತಿಂಗಳು ಬಾಳುತ್ತದೆಂದು ಹೇಳುವುದುಂಟು; ನಮ್ಮ ಧೂಳಿನ ಸೀಮೆಯಲ್ಲಿ 6 ತಿಂಗಳ ಕಡೆಗೇ ಲಕ್ಷ್ಯವಿಡುವುದು ಕ್ಷೇಮ.

ಪೂಜಾಗೃಹದ ಧೂಪ

ಭಕ್ತರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಅನೇಕ ಮನೆಗಳಲ್ಲಿ ಹಿರಿಯರು ಮಲಗುವ ಕೋಣೆಯಲ್ಲಿಯೇ ಇಷ್ಟಲಿಂಗ ಪೂಜೆ ನಡೆಯುತ್ತದೆ. ಊದುಬತ್ತಿ, ಲೋಬಾನದ ಹೊಗೆಯು ಪವಿತ್ರ ಭಾವದಿಂದ ಹಾಕಿದ್ದಾದರೂ ಶ್ವಾಸಕೋಶಕ್ಕೆ ಅದು ಹೊಗೆಯೇ. ಅದರ ಕಣಗಳು ಅತಿ ಸೂಕ್ಷ್ಮವಾದವು. ಹೆಪಾ ಫಿಲ್ಟರನ್ನು ಬೇಗ ಕೆಡಿಸುತ್ತವೆ, ಇದ್ದಿಲಿನ ಪದರವನ್ನು ವಾಸನೆಯಿಂದ ತುಂಬುತ್ತವೆ. ಸೊಳ್ಳೆಬತ್ತಿಯ ಹೊಗೆಯೂ ಹಾಗೆಯೇ. ಹೊಗೆ ಎಬ್ಬಿಸುತ್ತ ಪಕ್ಕದಲ್ಲಿಯೇ ಯಂತ್ರ ಓಡಿಸುವುದೆಂದರೆ ಒಂದು ಕೈಯಿಂದ ಕಸ ಚೆಲ್ಲಿ ಇನ್ನೊಂದು ಕೈಯಿಂದ ಗುಡಿಸಿದಂತೆ. ಉಬ್ಬಸವಿರುವವರ ಮನೆಯಲ್ಲಿ ಪತ್ರೆ, ಪುಷ್ಪ, ದೀಪಗಳಿಂದ ಪೂಜೆ ಸಾಗಲಿ. ಧೂಪ ಬೇಕೇ ಬೇಕೆನಿಸಿದರೆ ಕಿಟಕಿ ತೆರೆದ ಬೇರೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಇರಲಿ. ಸೊಳ್ಳೆಗೆ ಪರದೆಯೇ ಉತ್ತಮ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

1. ಕಾಗದದ ಪರೀಕ್ಷೆ: ಹೊಸ ಫಿಲ್ಟರ್ ಹಾಕಿದ ದಿನ, ತೆಳುವಾದ ಕಾಗದದ ಪಟ್ಟಿಯನ್ನು ಗಾಳಿ ಹೊರಬರುವ ಜಾಗದಲ್ಲಿ ಹಿಡಿದು, ಅದು ಎಷ್ಟು ಮೇಲಕ್ಕೆ ಹಾರುತ್ತದೆಂದು ನೋಡಿಟ್ಟುಕೊಳ್ಳಬೇಕು. ತಿಂಗಳಿಗೊಮ್ಮೆ ಅದೇ ವೇಗದಲ್ಲಿ ಮತ್ತೆ ನೋಡಬೇಕು. ಜಾಲರಿ ತೊಳೆದ ಮೇಲೂ ಕಾಗದ ಸೋತು ಜೋತುಬಿದ್ದರೆ ಫಿಲ್ಟರ್ ತುಂಬಿದೆಯೆಂದರ್ಥ.

2. ಸದ್ದು: ಫ್ಯಾನಿನ ಸದ್ದು ಹೆಚ್ಚಾಗಿ ಗಾಳಿ ಕಡಿಮೆಯಾಗಿದ್ದರೆ ಅದೂ ತುಂಬಿದ ಲಕ್ಷಣ.

3. ವಾಸನೆ: ಯಂತ್ರ ಚಾಲೂ ಮಾಡಿದೊಡನೆ ಹುಳಿ ಅಥವಾ ಮುಗ್ಗಲು ವಾಸನೆ ಬಂದರೆ ತಡಮಾಡಬಾರದು. ಇದ್ದಿಲಿನ ಶಕ್ತಿ ಮುಗಿದಿರಬಹುದು, ಇಲ್ಲವೇ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿರಬಹುದು.

4. ಬಣ್ಣ: ಮಡಿಕೆಗಳ ಆಳದವರೆಗೂ ಬೂದು, ಕಪ್ಪು ಅಥವಾ ಕೆಂಪು ಬಣ್ಣ ಹರಡಿದ್ದರೆ ಬದಲಿಸಬೇಕು. ಕೆಂಪು ಬಣ್ಣ ಮಣ್ಣು, ಅದಿರಿನ ಧೂಳನ್ನೂ, ಕಪ್ಪು ಹೊಗೆಯನ್ನೂ ಸೂಚಿಸುತ್ತದೆ. ಮನೆಗೆ ಏನು ನುಗ್ಗುತ್ತಿದೆಯೆಂದು ಇದರಿಂದಲೇ ತಿಳಿಯಬಹುದು.

5. ಅಂಕಿ: ಕೆಲವು ಯಂತ್ರಗಳು ಗಾಳಿಯ ಸೂಕ್ಷ್ಮ ಧೂಳಿನ ಪ್ರಮಾಣವನ್ನು ತೋರಿಸುತ್ತವೆ. ನಮ್ಮ ದೇಶದ ಮಾನದಂಡದಂತೆ 24 ಗಂಟೆಗಳ ಸರಾಸರಿ, ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15ಕ್ಕೆ ಇಳಿಸಿ ಹೇಳಿದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಂಕಿ ಇಳಿಯಲು ಮೊದಲು ಅರ್ಧ ಗಂಟೆ ಸಾಕಾಗುತ್ತಿದ್ದು, ಈಗ ಒಂದು ಗಂಟೆ ಬೇಕಾಗುತ್ತಿದ್ದರೆ ಫಿಲ್ಟರಿನ ಕಾಲ ಮುಗಿದಿದೆ.

6. ದೇಹದ ಸೂಚನೆ: ತಗ್ಗಿದ್ದ ಬೆಳಗಿನ ಸೀನು, ರಾತ್ರಿಯ ಕೆಮ್ಮು ಮರಳಿ ಬಂದರೆ ಫಿಲ್ಟರನ್ನೂ ನೋಡಬೇಕು, ವೈದ್ಯರನ್ನೂ ಕಾಣಬೇಕು. ಒಂದು ಮಾಡಿ ಇನ್ನೊಂದನ್ನು ಬಿಡಬಾರದು.

ಬದಲಿಸುವ ಕ್ರಮ

ಹೊರಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ, ಒಕ್ಕಣೆಯ ಕಾಲದಲ್ಲಿ ವಾರಕ್ಕೊಮ್ಮೆ ಸ್ವಚ್ಛಗೊಳಿಸಬೇಕು. ತೊಳೆಯಬಹುದಾದ ಜಾಲರಿಯನ್ನು ತೊಳೆದು ಪೂರ್ಣ ಒಣಗಿದ ಬಳಿಕವೇ ಮರಳಿ ಹಾಕಬೇಕು. ಹೆಪಾ ಫಿಲ್ಟರನ್ನು, ತಯಾರಕರೇ ತೊಳೆಯಬಹುದೆಂದು ಹೇಳಿರದಿದ್ದರೆ, ತೊಳೆಯಲೇಬಾರದು. ನೀರು ತಾಗಿದರೆ ಎಳೆಗಳ ರಚನೆ ಕೆಡುತ್ತದೆ. ಕೋಲಿನಿಂದ ಬಡಿದರೆ ಎಳೆ ಹರಿದು ಧೂಳು ನೇರವಾಗಿ ಹಾದುಹೋಗುತ್ತದೆ. ತೊಳೆದ ಫಿಲ್ಟರ್ ಬೆಳ್ಳಗೆ ಕಾಣಬಹುದು, ಕೆಲಸ ಮಾಡದು.

ಬದಲಿಸುವಾಗ ವಿದ್ಯುತ್ ತಂತಿಯನ್ನು ಕಳಚಿ, ಮೂಗು ಬಾಯಿ ಮುಚ್ಚಿಕೊಂಡು, ಮನೆಯ ಹೊರಗೆ ಈ ಕೆಲಸ ಮಾಡಬೇಕು. ಉಬ್ಬಸವಿರುವವರು ಅದನ್ನು ಮುಟ್ಟದಿರಲಿ. ಹಳೆಯದನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು, ಸುಡಬಾರದು. ಹೊಸ ಫಿಲ್ಟರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯಲು ಮರೆಯಬಾರದು. ಹಾಕಿದ ದಿನಾಂಕವನ್ನು ಅದರ ಅಂಚಿನಲ್ಲಿ ಬರೆದು, ಗಂಟೆ ಎಣಿಸುವ ಗುಂಡಿಯನ್ನು ಮೊದಲಿನಿಂದ ಆರಂಭಿಸಬೇಕು.

ನೆನಪಿಗೆ ಸುಲಭವಾಗಲೆಂದು ಎರಡು ಹಬ್ಬಗಳನ್ನು ಗುರುತಾಗಿ ಇಟ್ಟುಕೊಳ್ಳಬಹುದು. ಮೆಕ್ಕೆಜೋಳದ ಧೂಳು, ಪಟಾಕಿಯ ಹೊಗೆ ಸೇರುವ ದೀಪಾವಳಿಗೆ ಮೊದಲು ಒಮ್ಮೆ, ಬೇಸಿಗೆಯ ಗಾಳಿ ಏಳುವ ಯುಗಾದಿಯಲ್ಲಿ ಇನ್ನೊಮ್ಮೆ ಫಿಲ್ಟರನ್ನು ಪೂರ್ಣವಾಗಿ ಪರೀಕ್ಷಿಸಬೇಕು. ನಮ್ಮ ಊರುಗಳಲ್ಲಿ ಇದು ಕೂಡಲೇ ದೊರೆಯುವ ವಸ್ತುವಲ್ಲವಾದ್ದರಿಂದ ಒಂದು ತಿಂಗಳು ಮೊದಲೇ ತರಿಸಿಟ್ಟುಕೊಳ್ಳುವುದು ಲೇಸು.

ಯಂತ್ರವಿಲ್ಲದವರಿಗೆ

ಫಿಲ್ಟರಿನ ಬೆಲೆ ಎಲ್ಲರಿಗೂ ನಿಲುಕುವಂಥದಲ್ಲ. ಕೊಳ್ಳಲಾಗದವರು ಸಂಕೋಚಪಡಬೇಕಿಲ್ಲ, ಮುಚ್ಚಿಹೋದ ಫಿಲ್ಟರನ್ನು ಓಡಿಸುವುದಕ್ಕಿಂತ ಧೂಳನ್ನೇ ತಡೆಯುವುದು ಮೇಲು. ಒಕ್ಕಣೆಯ ಹೊತ್ತಿನಲ್ಲಿ ಆ ದಿಕ್ಕಿನ ಕಿಟಕಿ ಮುಚ್ಚುವುದು, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಹೊಲಕ್ಕೆ ಹೋಗುವಾಗ ಮೂಗಿಗೆ ಮಾಸ್ಕ್ ಧರಿಸುವುದು, ಸೌದೆ ಒಲೆಯ ಹೊಗೆಯನ್ನು ಹೊರಗೆ ಕಳುಹಿಸುವುದು, ಇವು ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ರಕ್ಷಣೆಗಳು.

ಯಂತ್ರವಿರಲಿ, ಇಲ್ಲದಿರಲಿ, ವೈದ್ಯರು ಕೊಟ್ಟ ಔಷಧವನ್ನು, ವಿಶೇಷವಾಗಿ ಇನ್‌ಹೇಲರನ್ನು, ತಾವಾಗಿ ನಿಲ್ಲಿಸಬಾರದು. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಮನೆಮದ್ದಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ದೂರದ ಮಕ್ಕಳು ಯಂತ್ರ ಕಳುಹಿಸಿದ ಪ್ರೀತಿ ಸಾರ್ಥಕವಾಗುವುದು, ಅದರ ಫಿಲ್ಟರನ್ನು ಸಕಾಲದಲ್ಲಿ ನೋಡಿಕೊಳ್ಳುವ ಮನೆಯವರ ಎಚ್ಚರದಿಂದ.