ಎರಡು ದಿನದ ವಿಶ್ರಾಂತಿ: ಕೊಳ್ಳುವವರು ಯಾರು, ಮಾರುವವರು ಯಾರು?



ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಎದ್ದ ಒಂದು ಪ್ರಶ್ನೆಗೆ ಅಲ್ಲಿಯೇ ಉತ್ತರ ಹೇಳಲು ನಮ್ಮಿಂದ ಆಗಲಿಲ್ಲ. ನಮ್ಮ ಸಂಘದ ಐದು ಮನೆಯವರ ತೋಟಗಳನ್ನು ಒಟ್ಟಾಗಿ ಮೂವತ್ತು ವರ್ಷದ ಲೀಸಿಗೆ ಕೇಳಿದ್ದಾರೆ. ಐವರದೂ ಒಂದೇ ಹಳ್ಳದ ನೀರು. ಕೇಳಿದವರು ತಂದ ಬಣ್ಣದ ನಕ್ಷೆಯಲ್ಲಿ ಗುಡ್ಡದ ಮೇಲೆ ಇಪ್ಪತ್ತು ಕೋಣೆಗಳು, ಇಳಿಜಾರಿನಲ್ಲಿ ಒಂಬತ್ತು ಕುಳಿಯ ಗಾಲ್ಫ್ ಮೈದಾನ, ಹಳ್ಳದ ಬದಿಯಲ್ಲಿ ಸ್ಪಾ. ಪಟ್ಟಣದವರು ಶುಕ್ರವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನ ಹೋಗುತ್ತಾರಂತೆ. "ಎರಡು ದಿನ ಸುಮ್ಮನೆ ಕೂರುವುದಕ್ಕೆ ಜನ ಅಷ್ಟು ಹಣ ಕೊಡುತ್ತಾರೆಯೇ? ಕೊಡುವುದಾದರೆ ನಾವೇ ಏಕೆ ಮಾಡಬಾರದು?" ಎಂಬುದು ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಗಾಲ್ಫ್ ಮತ್ತು ಸ್ಪಾ ಹೋಟೆಲು ಎಂದರೇನು, ಅದು ಎಲ್ಲಿ ಹುಟ್ಟಿತು, ಅದಕ್ಕೆ ಏನೇನು ಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ತೀರ್ಮಾನ ಆಮೇಲಿನ ಮಾತು.

ಸ್ಪಾ ಎಂಬ ಊರು

ಸ್ಪಾ ಎಂಬುದು ಮೊದಲಿಗೆ ಒಂದು ಊರಿನ ಹೆಸರು. ಬೆಲ್ಜಿಯಂ ದೇಶದ ಲಿಯೇಜ್ ಪ್ರಾಂತ್ಯದಲ್ಲಿರುವ ಈ ಊರಿನಲ್ಲಿ ಕಬ್ಬಿಣದ ಅಂಶವುಳ್ಳ ನೀರಿನ ಬುಗ್ಗೆಗಳಿವೆ. ಆ ನೀರನ್ನು ಕುಡಿದರೆ, ಅದರಲ್ಲಿ ಮಿಂದರೆ ಆರೋಗ್ಯ ಸುಧಾರಿಸುವುದೆಂಬ ನಂಬಿಕೆಯಿಂದ ದೂರದೂರದ ಜನ ಬರುತ್ತಿದ್ದರು. ರಷ್ಯದ ಚಕ್ರವರ್ತಿ ಪೀಟರ್ 1717ರಲ್ಲಿ ಅಲ್ಲಿಗೆ ಬಂದಿದ್ದನು. ಊರು ಎಷ್ಟು ಹೆಸರಾಯಿತೆಂದರೆ, ಎಲ್ಲೇ ಆಗಲಿ ನೀರಿನ ಉಪಚಾರ ಸಿಗುವ ಜಾಗಕ್ಕೆಲ್ಲ ಅದರ ಹೆಸರೇ ನಿಂತಿತು. ಸ್ಪಾ, ಇಂಗ್ಲೆಂಡಿನ ಬಾತ್, ಜರ್ಮನಿಯ ಬಾಡೆನ್-ಬಾಡೆನ್ ಮೊದಲಾದ 11 ಊರುಗಳನ್ನು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದಿನ ಹೋಟೆಲಿನ ಸ್ಪಾದಲ್ಲಿ ಬುಗ್ಗೆ ಇರಬೇಕೆಂದಿಲ್ಲ. ಬಿಸಿನೀರಿನ ಕೊಳ, ಹಬೆಯ ಕೋಣೆ, ಎಣ್ಣೆ ತಿಕ್ಕಿ ಮೈಯೊತ್ತುವವರು, ಆಮೇಲೆ ಮಲಗಲು ಮಂದ ಬೆಳಕಿನ ಕೋಣೆ, ಇಷ್ಟಿದ್ದರೆ ಆಯಿತು. ನೀರು ತುಂಬುವ ಹಬ್ಬದ ಮರುದಿನ ಬೆಳಗ್ಗೆ ನಮ್ಮ ಬಚ್ಚಲುಮನೆಗಳಲ್ಲಿ ನಡೆಯುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುರುಕಿ, ಹಂಡೆ ನೀರು ಕಾಯಿಸಿ, ಹಿರಿಯರು ನೆತ್ತಿಗೆ ಎಣ್ಣೆ ತಟ್ಟಿ, ಮಿಂದ ಮೇಲೆ ಕಂಬಳಿ ಹೊದೆಸಿ ಮಲಗಿಸುವುದನ್ನು ನಾವು ಯಾರೂ ವ್ಯಾಪಾರವೆಂದು ಎಣಿಸಿರಲಿಲ್ಲ.

ಕುರಿ ಮೇಯುವ ಜಾಗದ ಆಟ

ಗಾಲ್ಫ್ ಸ್ಕಾಟ್ಲೆಂಡಿನ ಆಟ. ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು 1457ರಲ್ಲಿ ಅಲ್ಲಿನ ರಾಜ್ಯಸಭೆ ಇದನ್ನು ನಿಷೇಧಿಸಿತ್ತು. ಸೇಂಟ್ ಆಂಡ್ರೂಸ್ ಎಂಬಲ್ಲಿ 1764ರಲ್ಲಿ ಕುಳಿಗಳ ಸಂಖ್ಯೆಯನ್ನು 22ರಿಂದ 18ಕ್ಕೆ ಇಳಿಸಿದರು. ಆ ಲೆಕ್ಕವೇ ಮುಂದೆ ಎಲ್ಲೆಡೆ ನಿಂತಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಕ್ಲಬ್ಬು 1829ರಲ್ಲೂ ಬೆಂಗಳೂರಿನದು 1876ರಲ್ಲೂ ಹುಟ್ಟಿದವು. ಚಿಕ್ಕಮಗಳೂರಿನಲ್ಲೂ ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲೂ ಗಾಲ್ಫ್ ಮೈದಾನಗಳಿರುವುದು ನಮ್ಮಲ್ಲಿ ಹಲವರಿಗೆ ಗೊತ್ತಿದೆ.

ಬೆಳೆಗಾರರಾದ ನಾವು ಗಮನಿಸಬೇಕಾದದ್ದು ಮಣ್ಣನ್ನು. ಈ ಆಟ ಹುಟ್ಟಿದ್ದು ಸಮುದ್ರದ ದಂಡೆಗೂ ಹೊಲಗಳಿಗೂ ನಡುವೆ ಇದ್ದ ಮರಳು ದಿಬ್ಬಗಳ ಮೇಲೆ. ಆ ನೆಲ ಉಳುಮೆಗೆ ಬಾರದು. ಬಿದ್ದ ಮಳೆ ಕೂಡಲೇ ಇಂಗಿ ಹೋಗುವುದು. ಹುಲ್ಲನ್ನು ಮೇಯ್ದು ಮಟ್ಟಮಾಡುವ ಕೆಲಸ ಕುರಿಗಳದು. ಎಂದರೆ, ಬೇರೆ ಯಾವುದಕ್ಕೂ ಉಪಯೋಗವಿಲ್ಲದ ನೆಲದಲ್ಲಿ ಖರ್ಚಿಲ್ಲದೆ ಬೆಳೆದ ಆಟ ಅದು. ಅದನ್ನೇ ಜಂಬಿಟ್ಟಿಗೆ ಮಣ್ಣಿನ ಇಳಿಜಾರಿಗೆ ತಂದರೆ, ಅಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದನ್ನೆಲ್ಲ ಇಲ್ಲಿ ಹಣ ಕೊಟ್ಟು ಮಾಡಿಸಬೇಕು. ನೆರಳು ಮರ ಕಡಿಯಬೇಕು, ಮಣ್ಣು ಅಗೆದು ಮಟ್ಟಮಾಡಬೇಕು, ಬಸಿಗಾಲುವೆ ತೋಡಬೇಕು, ಮಳೆಗಾಲದಲ್ಲಿ ಹುಲ್ಲಿಗೆ ಬರುವ ಶಿಲೀಂಧ್ರಕ್ಕೆ ಔಷಧಿ ಹೊಡೆಯಬೇಕು.

ಇನ್ನೊಂದು ಸಂಗತಿ ನಮ್ಮವರಿಗೆ ನಗು ತರಿಸಬಹುದು. ಬಿಸಿಲು ನಾಡಿನ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಜಾತಿಯದೇ. ನಾವು ಕಳೆಯೆಂದು ಕಿತ್ತು ಎಸೆಯುವುದನ್ನು ಅಲ್ಲಿ ಯಂತ್ರ ಹಿಡಿದು ಕೆಲವೇ ಮಿಲಿಮೀಟರಿಗೆ ಕತ್ತರಿಸಿ, ಗೊಬ್ಬರ ಕೊಟ್ಟು ಸಾಕುತ್ತಾರೆ.

ರೈಲು ಕಂಪೆನಿಯ ಹೋಟೆಲು

ಗಾಲ್ಫನ್ನೂ ವಿಶ್ರಾಂತಿಯನ್ನೂ ಒಂದೇ ಕಡೆ ಸೇರಿಸಿದ ಹೋಟೆಲುಗಳಲ್ಲಿ ಸ್ಕಾಟ್ಲೆಂಡಿನ ಪರ್ತ್‌ಶೈರಿನ ಗ್ಲೆನೀಗಲ್ಸ್ ಬಹಳ ಹೆಸರಾದದ್ದು. ಇದನ್ನು ಯೋಜಿಸಿದ್ದು ಕ್ಯಾಲೆಡೋನಿಯನ್ ರೈಲ್ವೆ ಕಂಪೆನಿಯ ವ್ಯವಸ್ಥಾಪಕನಾಗಿದ್ದ ಡೊನಾಲ್ಡ್ ಮ್ಯಾಥೆಸನ್. ರೈಲಿಗೆ ಪ್ರಯಾಣಿಕರು ಬೇಕಿತ್ತು. ಪ್ರಯಾಣಿಕರಿಗೆ ಹೋಗಲು ಒಂದು ಜಾಗ ಬೇಕಿತ್ತು. ಮೊದಲನೆಯ ಮಹಾಯುದ್ಧದಿಂದ ಕೆಲಸ ನಿಂತು, ಜೇಮ್ಸ್ ಬ್ರೇಡ್ ರೂಪಿಸಿದ ಮೈದಾನ 1919ರಲ್ಲಿ ಸಿದ್ಧವಾಯಿತು. ಹೋಟೆಲು ತೆರೆದದ್ದು 1924ರಲ್ಲಿ. ಇಂದು ಸುಮಾರು 850 ಎಕರೆ, ಮೂರು ದೊಡ್ಡ ಮೈದಾನ, ಇನ್ನೂರಕ್ಕೂ ಹೆಚ್ಚು ಕೋಣೆ. 2005ರಲ್ಲಿ ಜಿ-8 ರಾಷ್ಟ್ರಗಳ ನಾಯಕರು ಸೇರಿದ್ದೂ 2014ರ ರೈಡರ್ ಕಪ್ ಪಂದ್ಯ ನಡೆದದ್ದೂ ಅಲ್ಲಿಯೇ.

ಇಲ್ಲಿ ಎರಡು ಲೆಕ್ಕ ನೋಡಬೇಕು. ಒಂದು, ಕೋಣೆಯೊಂದಕ್ಕೆ ಸುಮಾರು ನಾಲ್ಕು ಎಕರೆ ನೆಲ. ನಮ್ಮಲ್ಲಿ ಅನೇಕರ ಇಡೀ ಹಿಡುವಳಿಯೇ ಅಷ್ಟು. ಇನ್ನೊಂದು, ಕಟ್ಟಿದವರು ಹೋಟೆಲಿನ ಆದಾಯವನ್ನೊಂದೇ ನೆಚ್ಚಿರಲಿಲ್ಲ. ಬೆನ್ನಿಗೆ ರೈಲಿನ ಟಿಕೆಟ್ಟಿತ್ತು. ಅಂಥ ಬೆನ್ನಾಸರೆ ನಮಗಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಹೋಟೆಲು ಆಸ್ಪತ್ರೆಯಾಗಿ, ಗಣಿ ಕಾರ್ಮಿಕರು ಚೇತರಿಸಿಕೊಳ್ಳುವ ಕೇಂದ್ರವಾಗಿ ನಡೆಯಿತು. ಮೈ ಮುರಿದು ದುಡಿಯುವವರಿಗೂ ವಿಶ್ರಾಂತಿ ಬೇಕೆಂಬುದನ್ನು ಆ ಕಟ್ಟಡ ಒಂದು ಕಾಲದಲ್ಲಿ ಒಪ್ಪಿಕೊಂಡಿತ್ತು. ಈ ಮಾತಿಗೆ ಕೊನೆಯಲ್ಲಿ ಬರುತ್ತೇವೆ.

ಅತಿಥಿ ಕೊಳ್ಳುವುದೇನು?

ಶುಕ್ರವಾರ ಸಂಜೆ ಬಂದವನಿಗೆ ಬಾಗಿಲಲ್ಲೇ ಪೆಟ್ಟಿಗೆ ಇಳಿಸಿಕೊಳ್ಳುತ್ತಾರೆ. ಶನಿವಾರ ಬೆಳಗ್ಗೆ ಆಟ; 18 ಕುಳಿ ಮುಗಿಸಲು ನಾಲ್ಕು ಗಂಟೆ ಹಿಡಿಯುತ್ತದೆ, ಆರೇಳು ಕಿಲೋಮೀಟರಿಗೂ ಹೆಚ್ಚು ನಡಿಗೆಯಾಗುತ್ತದೆ. ಮಧ್ಯಾಹ್ನ ಸ್ಪಾ. ರಾತ್ರಿ ನಿಧಾನವಾದ ಊಟ. ಭಾನುವಾರ ತಡವಾಗಿ ಏಳುವುದು, ಕಿಟಕಿಯಿಂದ ಗುಡ್ಡ ನೋಡುವುದು.

ಲೆಕ್ಕ ಹಾಕಿದರೆ ಆತ ಹಣ ಕೊಡುವುದು ನಾಲ್ಕು ವಸ್ತುಗಳಿಗೆ: ಮೌನ, ನಡೆಯಲು ಜಾಗ, ಬಿಸಿನೀರು, ಮತ್ತು ಎರಡು ದಿನ ಯಾವ ತೀರ್ಮಾನವನ್ನೂ ತಾನು ಮಾಡಬೇಕಾಗಿಲ್ಲ ಎಂಬ ನೆಮ್ಮದಿ. ಮೊದಲ ಮೂರು ನಮ್ಮಲ್ಲಿ ಈಗಾಗಲೇ ಇವೆ. ನಾಲ್ಕನೆಯದನ್ನು ಮಾತ್ರ ದುಡಿದು ಒದಗಿಸಬೇಕು. ಅತಿಥಿ ಏಳುವ ಮೊದಲೇ ಹುಲ್ಲು ಕತ್ತರಿಸಿರಬೇಕು, ಹಾಸಿಗೆ ಬಟ್ಟೆ ಒಗೆದಿರಬೇಕು, ಒಲೆ ಹೊತ್ತಿರಬೇಕು. ಒಬ್ಬರ ಬಿಡುವಿನ ಹಿಂದೆ ಹಲವರ ದುಡಿಮೆಯಿರುತ್ತದೆ.

ನೀರಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ಬೇಸಿಗೆಯಲ್ಲಿ ಹಸಿರಾಗಿ ಉಳಿಯಲು ಹುಲ್ಲಿಗೆ ದಿನಕ್ಕೆ ನಾಲ್ಕು ಮಿಲಿಮೀಟರ್ ಎಂದಿಟ್ಟುಕೊಂಡರೆ ಎಕರೆಗೆ 16,000 ಲೀಟರ್. ಒಂಬತ್ತು ಕುಳಿಯ ಮೈದಾನದಲ್ಲಿ ನೀರುಣಿಸುವ ಜಾಗ 30 ಎಕರೆ ಎಂದು ಹಿಡಿದರೆ ದಿನಕ್ಕೆ 4,80,000 ಲೀಟರ್.

ಈಗ ನಮ್ಮ ತೋಟದ ಲೆಕ್ಕ. ರೋಬಸ್ಟಕ್ಕೆ ಹೂಮಳೆ ಬಾರದ ವರ್ಷ ತುಂತುರು ನೀರಾವರಿಯಲ್ಲಿ ಒಂದಿಂಚು ಕೊಡಲು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ಎಂದರೆ ಮೈದಾನದ ಒಂದು ತಿಂಗಳ ನೀರಿನಲ್ಲಿ 144 ಎಕರೆ ಕಾಫಿಗೆ ಹೂ ಬಿಡಿಸಬಹುದು. ಅಡಿಕೆಗೆ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ, ಎಕರೆಗೆ 550 ಮರವೆಂದರೆ 11,000 ಲೀಟರ್. ಮೈದಾನದ ಒಂದು ದಿನದ ನೀರು 43 ಎಕರೆ ಅಡಿಕೆ ತೋಟದ ಒಂದು ದಿನದ ನೀರು.

ಅತಿಥಿಗಳ ಬಳಕೆ ಎಷ್ಟು? ಹೋಟೆಲಿನ ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್ ಎಂಬುದು ಕಟ್ಟಡ ಕಟ್ಟುವವರು ಹಿಡಿಯುವ ಲೆಕ್ಕ. ಇಪ್ಪತ್ತು ಕೋಣೆಯ 40 ಜನಕ್ಕೆ 7,200 ಲೀಟರ್. ಆದ್ದರಿಂದ ಹಳ್ಳವನ್ನು ಬತ್ತಿಸುವುದು ಅತಿಥಿಯಲ್ಲ, ಹುಲ್ಲು. ಹುಲ್ಲಿಗೆ ನೀರು ಹೆಚ್ಚು ಬೇಕಾಗುವ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಕಾಫಿಗೂ ಕೆಳಗಿನ ಅಡಿಕೆ ತೋಟಗಳಿಗೂ ನೀರು ಬೇಕಾದ ತಿಂಗಳುಗಳು. ಲೀಸಿನ ಕಾಗದಕ್ಕೆ ಸಹಿ ಹಾಕುವವರು ಐವರೇ ಆದರೂ ಹಳ್ಳದ ಕೆಳಗಿನವರನ್ನೂ ಕೇಳಬೇಕೆನ್ನುವುದು ಇದಕ್ಕಾಗಿಯೇ.

ಆಳಿನ ಲೆಕ್ಕ

ಪಟ್ಟಣದವರಿಗೆ ರಜೆ ಹೆಚ್ಚಾಗಿ ಬರುವುದು ಡಿಸೆಂಬರ್ ಕೊನೆಯಲ್ಲಿ. ಆಗ ನಮ್ಮಲ್ಲಿ ಕಾಫಿ ಹಣ್ಣಿನ ಕುಯ್ಲು, ಕಣದಲ್ಲಿ ಒಣಗಿಸುವುದು, ಅಡಿಕೆ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಎಲ್ಲವೂ ಒಟ್ಟಿಗೆ ನಡೆದಿರುತ್ತವೆ. ಕೊನೆಗಾರ ಸಿಕ್ಕಿದ ದಿನವೇ ನಮಗೆ ಹಬ್ಬ. ಆ ದಿನವೇ ಅತಿಥಿಗಳು ಬಂದರೆ ಮನೆಯ ಹೆಂಗಸರು ಆಳುಗಳಿಗೂ ಬಡಿಸಿ ಅತಿಥಿಗಳಿಗೂ ಬಡಿಸಬೇಕು. ಹೋಂಸ್ಟೇ ಲಾಭದ ಪಟ್ಟಿಯಲ್ಲಿ ಅವರ ಕೂಲಿಯನ್ನು ಬರೆದವರನ್ನು ನಾವು ಇದುವರೆಗೆ ಕಂಡಿಲ್ಲ.

ನಾವೇ ಮಾಡಿದ ಒಂದು ತಪ್ಪು

ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ನಮ್ಮದನ್ನೂ ಹೇಳಬೇಕು. 1999ರ ನಂತರ ಕಾಫಿ ಬೆಲೆ ನೆಲ ಕಚ್ಚಿದಾಗ ಕೊಡಗು, ಚಿಕ್ಕಮಗಳೂರು ಕಡೆ ಅನೇಕರು ಮನೆಯ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಅದರಿಂದ ಎಷ್ಟೋ ಮನೆಗಳು ಉಳಿದುಕೊಂಡವು. ಅದನ್ನು ನೋಡಿ ಕೆಲವು ವರ್ಷಗಳ ಮೇಲೆ ನಾವೂ ಎರಡು ಕೋಣೆ ಕಟ್ಟಿಸಿದೆವು. ಮನೆಯ ಪಕ್ಕದಲ್ಲಿ ಸಮತಟ್ಟು ಜಾಗವಿತ್ತು. ಆದರೆ ಅಲ್ಲಿಂದ ಕಣಿವೆ ಕಾಣುವುದಿಲ್ಲವೆಂದು ಗುಡ್ಡದ ಬುಡ ಕಡಿದು ಅಲ್ಲಿ ಕಟ್ಟಿಸಿದೆವು. ಹಳೆಯ ರೈಟರು, "ಅಯ್ಯಾ, ಅಲ್ಲಿ ಮಳೆಗಾಲದಲ್ಲಿ ಒರತೆ ಏಳುತ್ತದೆ" ಎಂದು ಹೇಳಿದ್ದರು. ನಾವು ಕೇಳಲಿಲ್ಲ.

2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಅದೇ ವಾರ ನಮ್ಮ ಗುಡ್ಡವೂ ಒಂದು ರಾತ್ರಿ ಜಾರಿ ಎರಡನೆಯ ಕೋಣೆಯ ಹಿಂಗೋಡೆಯನ್ನು ಒಳಗೆ ತಳ್ಳಿತು. ಮಂಚದ ಮೇಲೆ ಎದೆಯೆತ್ತರ ಕೆಸರು. ಆ ವಾರ ಬರಬೇಕಾಗಿದ್ದ ದಂಪತಿಗಳು ಮಳೆಗೆ ಹೆದರಿ ಬಂದಿರಲಿಲ್ಲ. ಅವರ ಜೊತೆ ಪುಟ್ಟ ಮಗುವೂ ಬರುವುದಿತ್ತು. ಅಂದಿನಿಂದ ಆ ಕಡೆ ಹೋದಾಗಲೆಲ್ಲ ನಮಗೆ ಆ ಮಗುವಿನ ನೆನಪಾಗುತ್ತದೆ. ಸಾಲ ಇನ್ನೂ ತೀರಿರಲಿಲ್ಲ. ಅದು ತೀರುವ ಮೊದಲೇ 2020ರಲ್ಲಿ ಲಾಕ್‌ಡೌನ್ ಬಂದು ಉಳಿದ ಒಂದು ಕೋಣೆಯೂ ಖಾಲಿ ಬಿದ್ದಿತು. ಕಾಫಿ ಮಾತ್ರ ಆ ವರ್ಷವೂ ಹಣ್ಣಾಯಿತು.

ಹಾಗಾದರೆ ಮಾಡಬಹುದಾದದ್ದು

ಅತಿಥಿಗಳೇ ಬೇಡವೆಂಬುದು ನಮ್ಮ ವಾದವಲ್ಲ. ಇರುವ ಮನೆಯಲ್ಲಿ, ಇರುವ ಕೋಣೆಯಲ್ಲಿ, ಗುಡ್ಡ ಕಡಿಯದೆ, ಹುಲ್ಲುಹಾಸಿಲ್ಲದೆ ಮಾಡುವುದಾದರೆ ಅದು ಒಳ್ಳೆಯ ಉಪಕಸುಬು. ಮಾಡುವವರು ಈ ಕೆಲವನ್ನು ನೆನಪಿಡಬೇಕು.

ಹೋಂಸ್ಟೇ ಎಂದರೆ ಮನೆಯವರು ಅಲ್ಲಿಯೇ ವಾಸವಿರುವ ಮನೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು. ಕೃಷಿ ಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದು 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿಗೆ ಒಳಪಡುತ್ತದೆ. ಕೋಣೆ ಬಾಡಿಗೆಯ ಹಣ ಕೃಷಿ ಆದಾಯವಲ್ಲ. ಅದರ ಲೆಕ್ಕ ಬೇರೆಯೇ ಇಡಬೇಕು. ಕುಯ್ಲಿನ ಆರು ವಾರ ಅತಿಥಿಗಳನ್ನು ಒಪ್ಪಿಕೊಳ್ಳಬಾರದು. ಅಡುಗೆ ಮಾಡಿದವರ ಕೂಲಿಯನ್ನು ಮೊದಲು ಬರೆದು ಆಮೇಲೆ ಲಾಭ ಬರೆಯಬೇಕು. ಅತಿಥಿಗೆ ತೋರಿಸಲು ಗಾಲ್ಫ್ ಬೇಕಿಲ್ಲ. ತೋಟದೊಳಗೆ ಒಂದು ಗಂಟೆಯ ನಡಿಗೆ, ಹಂಡೆಯ ಬಿಸಿನೀರು, ನಮ್ಮದೇ ಕಾಫಿ, ಇಷ್ಟು ಸಾಕು.

ಲೀಸಿನ ವಿಷಯದಲ್ಲಿ ಐದು ಮನೆಯವರಿಗೆ ನಮ್ಮ ಸಲಹೆ ಇಷ್ಟೇ: ಕಾಗದದಲ್ಲಿ ನೀರಿನ ಮಾತು ಎಲ್ಲಿದೆ, ಕಡಿದ ನೆರಳು ಮರಗಳ ಮಾತು ಎಲ್ಲಿದೆ, ಮೂವತ್ತು ವರ್ಷದ ಮೇಲೆ ನೆಲವನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸುತ್ತಾರೆ, ಈ ಮೂರನ್ನು ವಕೀಲರ ಮುಂದೆ ಓದಿಸಿ. ಅಲ್ಲಿಯವರೆಗೆ ಸಹಿ ಬೇಡ. ಅವರಲ್ಲಿ ಒಬ್ಬರ ಮನೆಯಾಕೆ ಕಛೇರಿಗೆ ಬಂದಾಗ ಕೇಳಿದ ಪ್ರಶ್ನೆ ಇನ್ನೂ ನಮ್ಮ ಕಿವಿಯಲ್ಲಿದೆ: "ಅವರು ಬಂದು ಎರಡು ದಿನ ಇದ್ದು ಹೋಗ್ತಾರೆ. ಮೂವತ್ತು ವರ್ಷ ನಾವು ಎಲ್ಲಿಗೆ ಹೋಗೋದು ಅಣ್ಣಾ?"

ಕೊನೆಗೊಂದು ಮಾತು

ಈ ಲೇಖನ ಬರೆಯುವಾಗ ಸದಸ್ಯರಲ್ಲಿ ಕೆಲವರನ್ನು, ನೀವು ಮನೆ ಬಿಟ್ಟು ಎರಡು ರಾತ್ರಿ ಸುಮ್ಮನೆ ಇದ್ದುಬಂದದ್ದು ಯಾವಾಗ ಎಂದು ಕೇಳಿದೆವು. ಮದುವೆ, ತಿಥಿ, ಆಸ್ಪತ್ರೆ ಬಿಟ್ಟರೆ ಉತ್ತರ ಬರಲಿಲ್ಲ. ವಿಶ್ರಾಂತಿಯನ್ನು ಮಾರುವುದು ಹೇಗೆಂದು ಕೇಳುತ್ತಿರುವ ನಮಗೆ ವಿಶ್ರಾಂತಿಯೇ ಇಲ್ಲ.

ಆದ್ದರಿಂದ ಒಂದು ಸಣ್ಣ ಏರ್ಪಾಡು. ಕಾಫಿ ಕಡೆಯ ಸದಸ್ಯ ದಂಪತಿಗಳು ಅಡಿಕೆ ಕಡೆಯ ಸದಸ್ಯರ ಮನೆಯಲ್ಲಿ, ಅವರು ಇವರ ಮನೆಯಲ್ಲಿ, ಕೆಲಸ ಕಡಿಮೆಯಿರುವಾಗ ಎರಡು ರಾತ್ರಿ ಅತಿಥಿಗಳಾಗಿರಬಹುದು. ಹಣದ ಮಾತಿಲ್ಲ. ಒಂದೇ ಕರಾರು: ಹೋದಲ್ಲಿ ಹೆಂಗಸರು ಅಡುಗೆಮನೆಗೆ ಕಾಲಿಡಕೂಡದು, ಗಂಡಸರು ತೋಟದ ಕೆಲಸಕ್ಕೆ ಕೈ ಹಾಕಕೂಡದು. ಒಪ್ಪಿಗೆಯಿರುವವರು ಸಂಘದ ಕಛೇರಿಯಲ್ಲಿ ಇಟ್ಟಿರುವ ಪುಸ್ತಕದಲ್ಲಿ ಹೆಸರು, ಅನುಕೂಲದ ವಾರ ಬರೆಸಬೇಕು. ಮೊದಲನೆಯ ಸಾಲಿನಲ್ಲಿ ನಮ್ಮ ಹೆಸರಿದೆ. ಬಂದವರಿಗೆ ಕೊಡುವ ಕೋಣೆ ಈಗ ಸಮತಟ್ಟು ಜಾಗದಲ್ಲಿದೆ; ಅಲ್ಲಿಂದ ಕಣಿವೆ ಕಾಣುವುದಿಲ್ಲ.

ಕಾರ್ಯದರ್ಶಿ