ಕೇಸ್ ಗೆದ್ದಿತು, ಕಾಸು ಸಿಗಲಿಲ್ಲ: ಅಮೆರಿಕಕ್ಕೆ ಸವಾಲೆಸೆದ ಪುಟ್ಟ ದ್ವೀಪದ ಕಥೆ

ಆಂಟಿಗುವಾ ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು ಒಂದೇ ದೃಶ್ಯ. 2002ರ ಮೇ ತಿಂಗಳು, ಸೇಂಟ್ ಜಾನ್ಸ್‌ನ ಮೈದಾನ. ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗಿಗೆ ಇಳಿದ ಅನಿಲ್ ಕುಂಬ್ಳೆ, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದ್ದು. ಕ್ರಿಕೆಟ್ ಹುಚ್ಚಿನವರಾದರೆ ವಿವಿಯನ್ ರಿಚರ್ಡ್ಸ್, ಕರ್ಟ್ಲಿ ಆ್ಯಂಬ್ರೋಸ್ ಅವರ ಊರು ಅಂತಲೂ ಸೇರಿಸುತ್ತಾರೆ.

ಆ ಪಂದ್ಯ ಮುಗಿದು ಒಂದು ವರ್ಷ ತುಂಬುವ ಮೊದಲೇ, 2003ರ ಮಾರ್ಚ್‌ನಲ್ಲಿ, ಅದೇ ದೇಶ ಇನ್ನೊಂದು ಕೆಲಸ ಮಾಡಿತು. ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ಹೋಗಿ ಅಮೆರಿಕದ ಮೇಲೆ ದೂರು ಕೊಟ್ಟಿತು. ವಿಷಯ: ಇಂಟರ್ನೆಟ್ ಮೂಲಕ ನಾವು ಮಾರುವ ಸೇವೆಯನ್ನು ನೀವು ತಡೆಯುತ್ತಿದ್ದೀರಿ.

ಆಂಟಿಗುವಾ ಮತ್ತು ಬಾರ್ಬುಡಾ ಎಂಬ ಈ ದೇಶದ ಒಟ್ಟು ವಿಸ್ತೀರ್ಣ ಸುಮಾರು 440 ಚದರ ಕಿಲೋಮೀಟರ್. ನಮ್ಮ ಬೆಂಗಳೂರಿಗಿಂತ ಚಿಕ್ಕದು. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಬ್ರಿಟನ್‌ನಿಂದ ಸ್ವಾತಂತ್ರ್ಯ ಸಿಕ್ಕಿದ್ದು 1981ರಲ್ಲಿ. ಇಷ್ಟು ಸಣ್ಣ ದೇಶ ಅಮೆರಿಕದ ವಿರುದ್ಧ ಕೇಸ್ ಹಾಕಿ ಗೆದ್ದಿತು ಕೂಡ. ಗೆದ್ದ ಮೇಲೆ ಏನಾಯಿತು ಅನ್ನುವುದು ಬೆಂಗಳೂರಿನಲ್ಲಿ ಕೂತು ಹೊರದೇಶಕ್ಕೆ ಕೋಡ್ ಬರೆಯುವ ನಮ್ಮಂಥವರಿಗೆ ತುಂಬಾ ಹತ್ತಿರದ ವಿಷಯ.

ಬೀಚ್ ಜೊತೆಗೆ ಸರ್ವರ್

ಆಂಟಿಗುವಾದ ಹೊಟ್ಟೆಪಾಡು ಪ್ರವಾಸೋದ್ಯಮ. ಚಂಡಮಾರುತ ಬಂದರೆ ಆ ವರ್ಷದ ಸಂಪಾದನೆಗೆ ಪೆಟ್ಟು. ಹಾಗಾಗಿ ಸರ್ಕಾರ ಬೇರೆ ದಾರಿ ಹುಡುಕಿತು. 1994ರಲ್ಲಿ ಮುಕ್ತ ವ್ಯಾಪಾರ ವಲಯದ ಕಾಯ್ದೆ ತಂದು, ಆ ವಲಯದ ಮೂಲಕ ಆನ್‌ಲೈನ್ ಜೂಜು ಕಂಪನಿಗಳಿಗೆ ಲೈಸೆನ್ಸ್ ಕೊಡಲು ಶುರು ಮಾಡಿತು. ಗೋದಾಮು ಬೇಡ, ಬಂದರು ಬೇಡ, ಹಡಗು ಬೇಡ. ಇಂಟರ್ನೆಟ್ ಸಂಪರ್ಕ, ಸರ್ವರ್, ಇಂಗ್ಲಿಷ್ ಬಲ್ಲ ಜನ ಇದ್ದರೆ ಸಾಕು. ಗ್ರಾಹಕರು ಬಹುಪಾಲು ಅಮೆರಿಕದವರು.

ಅಮೆರಿಕಕ್ಕೆ ಇದು ಸರಿಬರಲಿಲ್ಲ. 1961ರ ವೈರ್ ಆ್ಯಕ್ಟ್ ಎಂಬ ಹಳೆಯ ಕಾನೂನು ಅವರ ಕೈಯಲ್ಲಿತ್ತು. ಟೆಲಿಫೋನ್, ಟೆಲಿಗ್ರಾಫ್ ಕಾಲದಲ್ಲಿ ಬೆಟ್ಟಿಂಗ್ ದಂಧೆ ಹತ್ತಿಕ್ಕಲು ಬರೆದ ಕಾನೂನು ಅದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಷೇರು ವಹಿವಾಟು ಬಿಟ್ಟು ಆಂಟಿಗುವಾಕ್ಕೆ ಬಂದು ಬೆಟ್ಟಿಂಗ್ ಸೈಟ್ ನಡೆಸುತ್ತಿದ್ದ ಜೇ ಕೋಹೆನ್ ಎಂಬ ಅಮೆರಿಕನ್ ಪ್ರಜೆಯ ಮೇಲೆ 1998ರಲ್ಲಿ ಕೇಸ್ ಬಿತ್ತು. 'ನನ್ನ ಹತ್ರ ಲೈಸೆನ್ಸ್ ಇದೆ' ಅಂತ ವಾದಿಸಲು ಆತ ತಾನಾಗಿಯೇ ವಾಪಸ್ ಹೋದ. 2000ದಲ್ಲಿ ತಪ್ಪಿತಸ್ಥ ಎಂಬ ತೀರ್ಪು ಬಂತು. ಶಿಕ್ಷೆ 21 ತಿಂಗಳು.

ಒಂದು ದೇಶದಲ್ಲಿ ಲೈಸೆನ್ಸ್ ಪಡೆದ ವ್ಯವಹಾರ, ಇನ್ನೊಂದು ದೇಶದಲ್ಲಿ ಜೈಲಿಗೆ ಹೋಗುವ ಅಪರಾಧ. ಇಂಟರ್ನೆಟ್‌ಗೆ ಗಡಿ ಇಲ್ಲ ಅನ್ನುತ್ತೇವೆ. ಪೊಲೀಸರಿಗೆ, ಕೋರ್ಟಿಗೆ, ಬ್ಯಾಂಕಿಗೆ ಗಡಿ ಇದ್ದೇ ಇದೆ.

ಇದರಿಂದ ಹೊಡೆತ ತಿಂದದ್ದು ದ್ವೀಪದ ಜನರ ಕೆಲಸ. ಡಬ್ಲ್ಯುಟಿಒ ಮುಂದೆ ಆಂಟಿಗುವಾ ಇಟ್ಟ ಲೆಕ್ಕದ ಪ್ರಕಾರ, ಉಚ್ಛ್ರಾಯದಲ್ಲಿ 119 ಲೈಸೆನ್ಸ್‌ದಾರರು ಸುಮಾರು 3,000 ಜನಕ್ಕೆ ಕೆಲಸ ಕೊಟ್ಟಿದ್ದರು. 2003ರ ಹೊತ್ತಿಗೆ ಉಳಿದದ್ದು 28 ಕಂಪನಿ, 500ಕ್ಕೂ ಕಡಿಮೆ ಉದ್ಯೋಗ. ಇಡೀ ದೇಶದ ಜನಸಂಖ್ಯೆಗೆ ಹೋಲಿಸಿ ನೋಡಿ, ಇದು ಎಷ್ಟು ದೊಡ್ಡ ಏಟು ಅಂತ ಗೊತ್ತಾಗುತ್ತದೆ.

ಒಂದು ಪದದ ಮೇಲೆ ನಿಂತ ವಾದ

ಡಬ್ಲ್ಯುಟಿಒದಲ್ಲಿ 1995ರಿಂದ ಜಾರಿಯಲ್ಲಿರುವ ಸೇವಾ ವ್ಯಾಪಾರದ ಒಪ್ಪಂದವೊಂದಿದೆ. ಚಿಕ್ಕದಾಗಿ ಗ್ಯಾಟ್ಸ್ ಅನ್ನುತ್ತಾರೆ. ಇದರಡಿ ಪ್ರತಿ ದೇಶವೂ 'ಈ ಈ ಸೇವೆಗಳಿಗೆ ನಮ್ಮ ಮಾರುಕಟ್ಟೆ ತೆರೆದಿದೆ' ಅಂತ ಪಟ್ಟಿ ಬರೆದುಕೊಟ್ಟಿದೆ. ಸೇವೆ ತಲುಪಿಸಲು ನಾಲ್ಕು ವಿಧ. ಅದರಲ್ಲಿ ಮೊದಲನೆಯದು, ಅಂದರೆ ಮೋಡ್ 1: ಕೊಡುವವರು ತಮ್ಮ ದೇಶದಲ್ಲೇ, ಪಡೆಯುವವರು ಅವರ ದೇಶದಲ್ಲೇ. ಸೇವೆ ಮಾತ್ರ ಗಡಿ ದಾಟುತ್ತದೆ. ಬೆಂಗಳೂರಿನಿಂದ ಹೋಗುವ ರಿಮೋಟ್ ಸಪೋರ್ಟ್, ಕೋಡ್, ಬ್ಯಾಕ್ ಆಫೀಸ್ ಕೆಲಸದ ದೊಡ್ಡ ಪಾಲು ಬರುವುದು ಇದೇ ಖಾನೆಗೆ.

ಅಮೆರಿಕ ತನ್ನ ಪಟ್ಟಿಯಲ್ಲಿ 'ಇತರ ಮನರಂಜನಾ ಸೇವೆಗಳು, ಕ್ರೀಡೆ ಹೊರತುಪಡಿಸಿ' ಅಂತ ಬರೆದಿತ್ತು. ಮಾರುಕಟ್ಟೆ ನಿರ್ಬಂಧ ಏನಾದರೂ ಇದೆಯೇ ಎಂಬ ಕಾಲಂನಲ್ಲಿ 'ಇಲ್ಲ' ಎಂದಿತ್ತು. ಈಗ ವಾದ ಶುರುವಾಯಿತು. ಅಮೆರಿಕ ಹೇಳಿತು, ಕ್ರೀಡೆ ಎಂಬ ಪದದಲ್ಲಿ ಜೂಜೂ ಸೇರುತ್ತೆ, ಆದ್ದರಿಂದ ನಾವು ಅದನ್ನು ಹೊರಗಿಟ್ಟಿದ್ದೇವೆ. ಆಂಟಿಗುವಾ ಹೇಳಿತು, ಪಟ್ಟಿ ಬರೆಯಲು ಎಲ್ಲರೂ ಬಳಸಿದ ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಕ್ರೀಡೆಯೇ ಬೇರೆ, ಜೂಜೇ ಬೇರೆ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಕಾನ್ಫಿಗ್ ಫೈಲಿನಲ್ಲಿ ಜೂಜನ್ನು ಹೆಸರು ಹಿಡಿದು ಬ್ಲಾಕ್ ಮಾಡಿರಲಿಲ್ಲ, ಡಿಫಾಲ್ಟ್ ಆಗಿ ತೆರೆದುಕೊಂಡಿತ್ತು. 'ನಮ್ಮ ಉದ್ದೇಶ ಅದಾಗಿರಲಿಲ್ಲ' ಅಂದರೆ ಸಿಸ್ಟಮ್ ಕೇಳುವುದಿಲ್ಲವಲ್ಲ, ತೀರ್ಪುಗಾರರೂ ಕೇಳಲಿಲ್ಲ.

2004ರ ನವೆಂಬರ್‌ನಲ್ಲಿ ವಿಚಾರಣಾ ಸಮಿತಿಯ ವರದಿ, 2005ರ ಏಪ್ರಿಲ್‌ನಲ್ಲಿ ಮೇಲ್ಮನವಿ ಮಂಡಳಿಯ ತೀರ್ಪು. ಸಾರಾಂಶ ಮೂರು ಮಾತು.

ಒಂದು, ಮೋಡ್ 1ರಲ್ಲಿ ಮಾತು ಕೊಟ್ಟರೆ ಅದು ಇಂಟರ್ನೆಟ್‌ಗೂ ಅನ್ವಯ. ಅಂಚೆಗೆ, ಫೋನಿಗೆ ಸರಿ, ಇಂಟರ್ನೆಟ್‌ಗೆ ಬೇಡ ಅನ್ನಬೇಕಾದರೆ ಮೊದಲೇ ಬರೆದಿರಬೇಕು. ಇದು ಸಮಿತಿಯ ಮಾತು.

ಎರಡು, ಪೂರ್ತಿ ನಿಷೇಧ ಎಂದರೆ 'ಸೊನ್ನೆ ಕೋಟಾ'. ಅದು ತೆರೆದ ಮಾರುಕಟ್ಟೆಯ ಮಾತಿಗೆ ವಿರುದ್ಧ.

ಮೂರು, ಹಾಗಂತ ದೇಶಗಳ ಕೈಕಟ್ಟಿ ಹಾಕಿಲ್ಲ. ಸಾರ್ವಜನಿಕ ನೈತಿಕತೆ, ಸುವ್ಯವಸ್ಥೆ ಕಾಪಾಡಲು ನಿಷೇಧ ಹೇರಬಹುದು. ಅಪ್ರಾಪ್ತರ ಜೂಜು, ಕಪ್ಪುಹಣ, ಚಟ ಇವೆಲ್ಲ ನಿಜವಾದ ಕಾಳಜಿಗಳೇ. ಆದರೆ ಹೊರಗಿನವರಿಗೊಂದು, ಒಳಗಿನವರಿಗೊಂದು ನ್ಯಾಯ ಇರಬಾರದು.

ಅಮೆರಿಕ ಎಡವಿದ್ದು ಈ ಮೂರನೆಯದರಲ್ಲಿ. ಅಲ್ಲಿನ ಕುದುರೆ ರೇಸ್ ಕಾನೂನು, ರಾಜ್ಯ ರಾಜ್ಯಗಳ ನಡುವೆ ದೂರದಿಂದಲೇ ಬಾಜಿ ಕಟ್ಟಲು ಸ್ವದೇಶಿ ಕಂಪನಿಗಳಿಗೆ ಅವಕಾಶ ಕೊಡುವಂತಿತ್ತು. ವಿದೇಶಿಯರಿಗೂ ಅದೇ ಅವಕಾಶ ಇದೆ ಎಂದು ತೋರಿಸಲು ಅಮೆರಿಕಕ್ಕೆ ಆಗಲಿಲ್ಲ. ನೈತಿಕತೆಯ ವಾದ ಕುದುರೆಯ ಮುಂದೆ ಸೋತಿತು.

ಪ್ಯಾಕೆಟ್ ಬಿಡಿ, ಹಣ ಹಿಡಿಯಿರಿ

ತೀರ್ಪು ಬಂದ ಮೇಲೆ ಅಮೆರಿಕ ಕಾನೂನು ಸಡಿಲಿಸಬೇಕಿತ್ತು, ಇಲ್ಲವೇ ಕುದುರೆ ರೇಸಿನ ಬೆಟ್ಟಿಂಗನ್ನೂ ನಿಲ್ಲಿಸಬೇಕಿತ್ತು. ಅದು ಮಾಡಿದ್ದು ಬೇರೆ. 2006ರ ಅಕ್ಟೋಬರ್‌ನಲ್ಲಿ, ಬಂದರು ಭದ್ರತೆಗೆ ಸಂಬಂಧಿಸಿದ ಮಸೂದೆಯ ಬಾಲಕ್ಕೆ ಕಟ್ಟಿ ಹೊಸ ಕಾನೂನೊಂದನ್ನು ಪಾಸು ಮಾಡಿತು. ಕಾನೂನುಬಾಹಿರ ಆನ್‌ಲೈನ್ ಜೂಜಿಗೆ ಹಣ ಪಾವತಿ ಆಗದಂತೆ ಬ್ಯಾಂಕುಗಳು, ಕಾರ್ಡ್ ಕಂಪನಿಗಳು ನೋಡಿಕೊಳ್ಳಬೇಕು ಅನ್ನುವುದು ಅದರ ತಿರುಳು.

ಪೇಮೆಂಟ್ ಸಾಫ್ಟ್‌ವೇರ್ ಕಂಡವರಿಗೆ ಇದು ಎಷ್ಟು ಚುರುಕಾದ ಉಪಾಯ ಅಂತ ಅರ್ಥವಾಗುತ್ತದೆ. ವೆಬ್‌ಸೈಟ್ ಬ್ಲಾಕ್ ಮಾಡಿದರೆ ಇನ್ನೊಂದು ಡೊಮೈನ್ ಬರುತ್ತೆ, ವಿಪಿಎನ್ ಬರುತ್ತೆ. ಆದರೆ ಕಾರ್ಡ್ ಉಜ್ಜಿದಾಗ ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಬೆಟ್ಟಿಂಗ್‌ನ ಕೋಡ್ 7995. ಬ್ಯಾಂಕಿನ ಸರ್ವರಿನಲ್ಲಿ ಒಂದೇ ಒಂದು ನಿಯಮ ಬರೆದರೆ ಆ ಕೋಡಿನ ವಹಿವಾಟು ಅಲ್ಲೇ ಬಿದ್ದುಹೋಗುತ್ತದೆ. ದೂರದ ದ್ವೀಪದ ಅಂಗಡಿ ಮುಚ್ಚಿಸಲು ಅಲ್ಲಿಗೆ ಪೊಲೀಸರು ಹೋಗಬೇಕಿಲ್ಲ.

2007ರ ಮಾರ್ಚ್‌ನಲ್ಲಿ ಡಬ್ಲ್ಯುಟಿಒ ಸಮಿತಿ ಅಮೆರಿಕ ತೀರ್ಪು ಪಾಲಿಸಿಲ್ಲ ಎಂದಿತು. ಅದೇ ಮೇ ತಿಂಗಳಲ್ಲಿ ಅಮೆರಿಕ, ಜೂಜಿಗೆ ಸಂಬಂಧಿಸಿದ ಮಾತನ್ನು ನಮ್ಮ ಪಟ್ಟಿಯಿಂದಲೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಘೋಷಿಸಿತು. ನಿಯಮದ ಪ್ರಕಾರ ಹಾಗೆ ಹಿಂದೆಗೆಯಬಹುದು, ಆದರೆ ನಷ್ಟವಾಗುವ ದೇಶಗಳಿಗೆ ಬದಲಿಗೆ ಏನಾದರೂ ಕೊಡಬೇಕು. ಯುರೋಪ್, ಜಪಾನ್, ಕೆನಡಾದಂಥ ದೊಡ್ಡವರಿಗೆ ಗೋದಾಮು, ಟೆಸ್ಟಿಂಗ್ ಮುಂತಾದ ಬೇರೆ ಸೇವೆಗಳಲ್ಲಿ ರಿಯಾಯಿತಿ ಸಿಕ್ಕಿ ಕೈಕುಲುಕಿ ಎದ್ದರು. ಕೇಸ್ ಹಾಕಿದ ಆಂಟಿಗುವಾ ಮಾತ್ರ ಅಲ್ಲೇ ಕೂತಿತು.

ಗೆದ್ದವನ ಕೈಗೆ ಸಿಕ್ಕಿದ್ದೇನು

ಡಬ್ಲ್ಯುಟಿಒ ತೀರ್ಪು ಪಾಲಿಸದ ದೇಶಕ್ಕೆ ದಂಡ ಹಾಕುವ ಅಮೀನ ಯಾರೂ ಇಲ್ಲ. ಗೆದ್ದ ದೇಶಕ್ಕೆ ಸಿಗುವುದು ಪ್ರತೀಕಾರದ ಅನುಮತಿ. 'ಅವರ ಸರಕಿನ ಮೇಲೆ ನೀನೂ ಸುಂಕ ಏರಿಸು' ಅನ್ನುವ ಲೆಕ್ಕ.

ಈಗ ಯೋಚಿಸಿ. ಆಂಟಿಗುವಾ ಅಮೆರಿಕದ ಸರಕಿನ ಮೇಲೆ ಸುಂಕ ಏರಿಸಿದರೆ ಅಮೆರಿಕಕ್ಕೆ ಗೊತ್ತೂ ಆಗುವುದಿಲ್ಲ. ದ್ವೀಪದ ಅಂಗಡಿಯಲ್ಲಿ ದಿನಸಿ ಬೆಲೆ ಏರುತ್ತದೆ ಅಷ್ಟೇ. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಹಾಗಾಗಿ ಆಂಟಿಗುವಾ ಕೇಳಿದ್ದು ಬೇರೆ: ಅಮೆರಿಕದ ಸಿನಿಮಾ, ಸಂಗೀತ, ಸಾಫ್ಟ್‌ವೇರ್‌ನಂಥವುಗಳ ಹಕ್ಕುಸ್ವಾಮ್ಯ ರಕ್ಷಣೆಯನ್ನು ಅಷ್ಟರಮಟ್ಟಿಗೆ ಅಮಾನತಿನಲ್ಲಿಡಲು ಬಿಡಿ.

ನಷ್ಟ ವರ್ಷಕ್ಕೆ 344.3 ಕೋಟಿ ಡಾಲರ್ ಎಂದಿತು ಆಂಟಿಗುವಾ. 5 ಲಕ್ಷ ಡಾಲರ್ ದಾಟುವುದಿಲ್ಲ ಎಂದಿತು ಅಮೆರಿಕ. 2007ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರರು ವರ್ಷಕ್ಕೆ 2.1 ಕೋಟಿ ಡಾಲರ್ ಎಂದು ನಿಗದಿ ಮಾಡಿ, ಅದನ್ನು ಬೌದ್ಧಿಕ ಆಸ್ತಿಯ ಮೂಲಕ ವಸೂಲಿ ಮಾಡಬಹುದು ಎಂದರು. ಅಂತಿಮ ಅನುಮತಿ ಸಿಕ್ಕಿದ್ದು 2013ರ ಜನವರಿಯಲ್ಲಿ.

ಅನುಮತಿ ಕೈಯಲ್ಲಿದೆ, ಬಳಸುವುದು ಹೇಗೆ? ಹಾಲಿವುಡ್ ಸಿನಿಮಾ ಮಾರುವ ಸೈಟ್ ತೆರೆಯುತ್ತೀರಿ ಅಂದುಕೊಳ್ಳಿ. ಹೋಸ್ಟಿಂಗ್ ಎಲ್ಲಿ? ಪೇಮೆಂಟ್ ಗೇಟ್‌ವೇ ಯಾವುದು? ಆ್ಯಪ್ ಸ್ಟೋರ್ ಯಾರದ್ದು? ಮುಕ್ಕಾಲು ಪಾಲು ಅಮೆರಿಕದ ಕಂಪನಿಗಳೇ. ಆಂಟಿಗುವಾದಲ್ಲಿ ಕಾನೂನುಬದ್ಧವಾದ ಕಾಪಿ ಬೇರೆ ದೇಶದಲ್ಲಿ ಕಳ್ಳಮಾಲೇ. ಅಮೆರಿಕ ಇದನ್ನು ಸರ್ಕಾರವೇ ನಡೆಸುವ ಪೈರಸಿ ಎಂಬರ್ಥದಲ್ಲಿ ಖಂಡಿಸಿ, ಹೂಡಿಕೆ ಬರುವುದಿಲ್ಲ ಎಂದು ಎಚ್ಚರಿಸಿತು. ಮುಂದಿನ ವರ್ಷಗಳಲ್ಲಿ ಆಂಟಿಗುವಾ ಆ ಅಸ್ತ್ರ ಬಿಡಲಿಲ್ಲ. ಜಿನೀವಾದ ಸಭೆಗಳಲ್ಲಿ ಬಾಕಿ ನೆನಪಿಸುತ್ತಾ, ಮಾತುಕತೆಯ ಪರಿಹಾರ ಕೇಳುತ್ತಾ ಬಂತು. ವರ್ಷಕ್ಕೆ 2.1 ಕೋಟಿ ಅಂದರೆ ಹತ್ತು ವರ್ಷಕ್ಕೆ 21 ಕೋಟಿ ಡಾಲರ್.

ಹತ್ತಿ ಸಬ್ಸಿಡಿಯ ಕೇಸಿನಲ್ಲಿ ಇಂಥದ್ದೇ ಅಸ್ತ್ರ ಬ್ರೆಜಿಲ್‌ಗೂ ಸಿಕ್ಕಿತ್ತು. ಬ್ರೆಜಿಲ್ ದೊಡ್ಡ ಮಾರುಕಟ್ಟೆ. ಬೆದರಿಸಿದ್ದೇ ಸಾಕಾಯಿತು, 2014ರಲ್ಲಿ 30 ಕೋಟಿ ಡಾಲರ್‌ಗೆ ರಾಜಿ ಆಯಿತು. ನಿಯಮ ಒಂದೇ, ತೂಕ ಬೇರೆ.

ಇನ್ನೂ ಒಂದು ತಿರುವು ಇದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕ್ರೀಡಾ ಬೆಟ್ಟಿಂಗಿಗೆ ರಾಜ್ಯಗಳು ಅನುಮತಿ ಕೊಡದಂತೆ ತಡೆದಿದ್ದ ಕೇಂದ್ರ ಕಾನೂನನ್ನು ರದ್ದು ಮಾಡಿತು. ಈಗ ಅಲ್ಲಿ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧ. ದ್ವೀಪದವರು ಮಾಡಿದಾಗ ನೈತಿಕತೆಗೆ ಧಕ್ಕೆ ತಂದದ್ದು, ಊರಿನವರು ಮಾಡಿದಾಗ ತೆರಿಗೆ ತರುವ ಉದ್ಯಮ!

ನಮಗೇನು?

ಜೂಜಿನ ಪರ ವಕಾಲತ್ತು ಇದಲ್ಲ. ಮೊಬೈಲ್ ಆಟಕ್ಕೆ ಸಂಬಳ, ಸಾಲ, ಅಪ್ಪನ ಪಿಂಚಣಿ ಎಲ್ಲ ಸುರಿದವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಪಾಸು ಮಾಡಿತು. ಅದರಲ್ಲೂ ಬ್ಯಾಂಕುಗಳು ಹಣ ಸಾಗಿಸಬಾರದು ಎಂಬ ಷರತ್ತಿದೆ. ಅದೇ ಹಳೆಯ ಉಪಾಯ. ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ಭೇದ ಮಾಡದೆ, ಸ್ವದೇಶಿಯೋ ವಿದೇಶಿಯೋ ಎಂದೂ ಭೇದ ಮಾಡದೆ ಹಣದಾಟ ನಿಲ್ಲಿಸಿದ್ದರಿಂದ, ಆಂಟಿಗುವಾ ತೀರ್ಪಿನ ಮೂರನೇ ಪರೀಕ್ಷೆಗೆ ಈ ಕಾಯ್ದೆ ಅಮೆರಿಕದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನನಗನ್ನಿಸುತ್ತದೆ.

ನನಗೆ ಚಿಂತೆ ಇರುವುದು ಇನ್ನೊಂದು ಕಡೆ. ಜೂಜಿನ ಜಾಗದಲ್ಲಿ ಸಾಫ್ಟ್‌ವೇರ್ ಸೇವೆ ಅಂತ ಬರೆದು ಇದೇ ಕಥೆಯನ್ನು ಇನ್ನೊಮ್ಮೆ ಓದಿ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಒಂದು ಮಸೂದೆ ಮಂಡನೆಯಾಯಿತು. ಹೊರದೇಶಕ್ಕೆ ಕೊಡುವ ಹೊರಗುತ್ತಿಗೆ ಪಾವತಿಗಳ ಮೇಲೆ ಶೇ 25 ತೆರಿಗೆ ಹಾಕಬೇಕು ಅನ್ನುವ ಪ್ರಸ್ತಾವ ಅದು. ಮಸೂದೆ ಅಷ್ಟೇ, ಕಾನೂನಲ್ಲ. ಆದರೆ ಅಲ್ಲೂ ಕೈ ಹಾಕಿದ್ದು ಹಣ ಹೋಗುವ ದಾರಿಗೇ ಅನ್ನುವುದನ್ನು ಗಮನಿಸಿ.

ಅಂಥದ್ದು ಜಾರಿಯಾದರೆ ಎಲ್ಲಿ ದೂರು ಕೊಡುತ್ತೀರಿ? ಆಂಟಿಗುವಾ ಗೆದ್ದ ಆ ಮೇಲ್ಮನವಿ ಮಂಡಳಿಗೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ 2019ರ ಡಿಸೆಂಬರ್‌ನಿಂದ ಅದು ಕೆಲಸವನ್ನೇ ನಿಲ್ಲಿಸಿದೆ. ಸೋತವರು ಇಲ್ಲದ ಮಂಡಳಿಗೆ ಮೇಲ್ಮನವಿ ಹಾಕಿದರೆ ಕೇಸ್ ಅಲ್ಲೇ ನೇತಾಡುತ್ತದೆ. ನಾವೇನೂ ಸಾಚಾ ಅಲ್ಲ. ಸಕ್ಕರೆ ಸಬ್ಸಿಡಿ ಕೇಸಿನಲ್ಲಿ ಸೋತಾಗ, 2022ರ ಜನವರಿಯಲ್ಲಿ ಭಾರತವೂ ಇದೇ ದಾರಿ ಹಿಡಿಯಿತು. ಆ ದಿನ ಅದು ಅನುಕೂಲವೇ ಆಗಿರಬಹುದು. ನಾಳೆ ದೂರುದಾರರು ನಾವಾದಾಗ ಅದೇ ಖಾಲಿ ಕುರ್ಚಿ ನಮ್ಮ ಎದುರಿಗಿರುತ್ತದೆ.

ಆಂಟಿಗುವಾದ ಕೇಸಿನಿಂದ ನಾನು ಕಲಿತದ್ದು ಇಷ್ಟು. ನಿಯಮ ಇದ್ದರೆ ಸಣ್ಣವರಿಗೆ ಮಾತಾಡಲು ವೇದಿಕೆಯಾದರೂ ಸಿಗುತ್ತದೆ, ಇಲ್ಲದಿದ್ದರೆ ಅದೂ ಇಲ್ಲ. ಆದರೆ ವಸೂಲಿಗೆ ಮಾರುಕಟ್ಟೆಯ ತೂಕ ಬೇಕು. ಭಾರತಕ್ಕೆ ಆ ತೂಕ ಇದೆ, ಆಂಟಿಗುವಾಕ್ಕೆ ಇರಲಿಲ್ಲ. ತೂಕ ಇರುವಾಗಲೇ ಆ ಖಾಲಿ ಮಂಡಳಿಯನ್ನು ಮತ್ತೆ ತುಂಬಿಸಲು ಒತ್ತಾಯಿಸುವುದು ನಮ್ಮ ಹಿತಕ್ಕೇ ಒಳ್ಳೆಯದು. ತಿಂಗಳ ಕೊನೆಗೆ ಬರುವ ನಮ್ಮ ಸಂಬಳದ ಒಂದು ಪಾಲು ಮೋಡ್ 1 ಎಂಬ ಆ ಒಣ ಖಾನೆಯ ಮೇಲೆ ನಿಂತಿದೆ.